ನಾಯಿಮರಿಯ ಕತ್ತರಿಸಿದ ಕಿವಿ: ಆರೈಕೆ ಹೇಗೆ? ಕತ್ತರಿಸುವುದಾದರೂ ಏಕೆ?

ಈ ಅಂಕಣದಲ್ಲಿ ಸಾಮಾನ್ಯವಾಗಿ ಮನುಷ್ಯರ ಕಾಯಿಲೆ ಕಸಾಲೆಗಳ ವಿಚಾರವೇ ಹೆಚ್ಚು. ಈ ವಾರ ಮನೆಯ ನಾಯಿಮರಿಯ ಕಿವಿಯ ಬಗ್ಗೆ ಬರೆಯುತ್ತಿದ್ದೇನೆ. ನಾಯಿ ಸಾಕದವರು ಪುಟ ತಿರುಗಿಸಬಹುದು. ಆದರೆ ದಾವಣಗೆರೆಯ ವಿದ್ಯಾನಗರ, ಪಿ.ಜೆ. ಬಡಾವಣೆಯಲ್ಲಾಗಲಿ, ಹರಿಹರದ ಹೊಸ ಬಡಾವಣೆಗಳಲ್ಲಾಗಲಿ ಈಗ ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಎಂಬ ಫಲಕ ಇಲ್ಲದ ಬೀದಿಯೇ ಇಲ್ಲವಾದ್ದರಿಂದ ಇದು ಹಲವು ಮನೆಗಳ ವಿಚಾರವೆಂದೇ ತಿಳಿದಿದ್ದೇನೆ.

ಕಳೆದ ಮಳೆಗಾಲದ ಒಂದು ಸಂಜೆ ಹರಿಹರದಿಂದ ತಂದೆ ಮಗ ಇಬ್ಬರು ಸ್ಕೂಟರಿನಲ್ಲಿ ನನ್ನ ಕ್ಲಿನಿಕ್ಕಿಗೆ ಬಂದರು. ಹುಡುಗನ ಎದೆಗೆ ಅವುಚಿಕೊಂಡ ಟವೆಲ್ಲಿನೊಳಗೆ ಒಂದು ಡಾಬರ್‌ಮನ್ ಮರಿ. ವಯಸ್ಸು ಎರಡೂವರೆ ತಿಂಗಳು ಮೀರಿರಲಿಕ್ಕಿಲ್ಲ. ಎರಡೂ ಕಿವಿಗಳನ್ನು ತಲೆಯ ಮೇಲೆ ಎತ್ತಿ ಬಿಳಿ ಪ್ಲಾಸ್ಟರಿನಿಂದ ಬಿಗಿಯಾಗಿ ಸುತ್ತಿದ್ದರು. ಪ್ಲಾಸ್ಟರು ಆಗಲೇ ಬೂದು ಬಣ್ಣಕ್ಕೆ ತಿರುಗಿತ್ತು.

"ನಾಲ್ಕು ದಿನ ಆತು ಡಾಕ್ಟ್ರೇ, ಊಟ ಬಿಟ್ಟೈತಿ. ಬರೇ ತಲಿ ಕೊಡವ್ತೈತಿ. ಹತ್ರ ಹೋದ್ರ ವಾಸ್ನಿ ಬರ್ತೈತಿ" ಎಂದರು ತಂದೆ.

ಪ್ಲಾಸ್ಟರು ಬಿಡಿಸಿದೆ. ಎಡಗಿವಿಯ ಬುಡದಲ್ಲಿ ಹುಳ ಬಿದ್ದಿತ್ತು. ಬಲಗಿವಿಯ ತುದಿ ಕಪ್ಪಾಗಿ, ಮುಟ್ಟಿದರೆ ತಣ್ಣಗೆ ಇತ್ತು. ಅಂದರೆ ಪ್ಲಾಸ್ಟರಿನ ಬಿಗಿತಕ್ಕೆ ರಕ್ತ ಓಡದೆ ಆ ಭಾಗ ಸತ್ತೇ ಹೋಗಿತ್ತು. ಮರಿಗೆ 104 ಡಿಗ್ರಿ ಜ್ವರ. ವಿಚಾರಿಸಿದಾಗ ತಿಳಿದದ್ದಿಷ್ಟು: ಮರಿ ಮಾರಿದವರೇ ಕಿವಿ 'ಮಾಡಿಸಿ' ಕೊಟ್ಟಿದ್ದರು, ಅದಕ್ಕೆಂದು ಬೇರೆ ಹಣ ಪಡೆದಿದ್ದರು. ಅರಿವಳಿಕೆ ಕೊಟ್ಟಿರಲಿಲ್ಲ. ನಾಲ್ಕು ಜನ ಹಿಡಿದುಕೊಂಡು ಬ್ಲೇಡಿನಿಂದ ಕೊಯ್ದು ಹೊಲಿದಿದ್ದರು. ಮನೆಗೆ ಬಂದ ಮೇಲೆ ಅಜ್ಜಿ ಅರಿಸಿನ ಹಚ್ಚಿದರು. ಪಕ್ಕದ ಮನೆಯವರು ಹೇಳಿದರೆಂದು ನುಸಿ ಗುಳಿಗೆ ಪುಡಿ ಮಾಡಿ ಗಾಯಕ್ಕೆ ಉದುರಿಸಿದರು. ನೋವಿಗೆಂದು ಔಷಧಿ ಅಂಗಡಿಯಿಂದ ತಂದ ಮನುಷ್ಯರ ಮಾತ್ರೆ ಅರ್ಧ ಅರ್ಧ ಮಾಡಿ ಕೊಟ್ಟರು. ಇಷ್ಟನ್ನೂ ಅವರು ಮಾಡಿದ್ದು ಪ್ರೀತಿಯಿಂದಲೇ. ಹುಡುಗ ಮೂರು ರಾತ್ರಿ ಮರಿಯ ಪಕ್ಕದಲ್ಲೇ ಮಲಗಿದ್ದನಂತೆ.

ಅದಕ್ಕೇ ಇವತ್ತು ಎರಡು ಮಾತು ಹೇಳಬೇಕು. ಕಿವಿ ಕತ್ತರಿಸಿ ಆಗಿಹೋಗಿದ್ದರೆ ಮರಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ಮೊದಲನೆಯದು. ಕತ್ತರಿಸಬೇಡಿ ಎಂದು ನಾನೇಕೆ ಹೇಳುತ್ತೇನೆ ಎಂಬುದು ಎರಡನೆಯದು. ಮೊದಲನೆಯದನ್ನೇ ಮೊದಲು ಹೇಳುತ್ತೇನೆ. ಏಕೆಂದರೆ ಈ ಪತ್ರಿಕೆ ಓದುತ್ತಿರುವ ಯಾವುದೋ ಮನೆಯಲ್ಲಿ ಈಗಲೇ ಒಂದು ಮರಿ ಹೊಲಿಗೆ ಹಾಕಿದ ಕಿವಿಯೊಂದಿಗೆ ಮೂಲೆಯಲ್ಲಿ ಮಲಗಿರಬಹುದು. ಅದಕ್ಕೆ ನನ್ನ ಅಭಿಪ್ರಾಯದಿಂದ ಏನೂ ಪ್ರಯೋಜನವಿಲ್ಲ.

ನಾಯಿಯ ಕಿವಿಯ ಹಾಲೆ ಎಂದರೆ ಎರಡು ಪದರ ಚರ್ಮ, ನಡುವೆ ಒಂದು ಹಾಳೆಯಷ್ಟು ತೆಳುವಾದ ಮೃದ್ವಸ್ಥಿ. ಅದರ ತುಂಬ ಸಣ್ಣ ಸಣ್ಣ ರಕ್ತನಾಳಗಳು, ನರಗಳು. ಹಾಲೆಯ ಅರ್ಧದಷ್ಟನ್ನೋ ಮೂರನೇ ಒಂದು ಭಾಗವನ್ನೋ ಕತ್ತರಿಸಿ ತೆಗೆದು, ಉಳಿದ ಅಂಚನ್ನು ಹೊಲಿದಾಗ ಕಿವಿಯ ಉದ್ದಕ್ಕೂ ಒಂದು ತೆರೆದ ಗಾಯ ಉಳಿಯುತ್ತದೆ. ಆ ಗಾಯ ಇರುವ ಜಾಗವೇ ಕಷ್ಟದ್ದು. ಕೈಕಾಲಿನ ಗಾಯವಾದರೆ ಮರಿ ಸುಮ್ಮನೆ ಮಲಗಿದರೆ ಆಯಿತು. ಕಿವಿ ಹಾಗಲ್ಲ. ತುರಿಸಿದರೆ ತಲೆ ಕೊಡವುತ್ತದೆ, ಕೊಡವಿದಾಗಲೆಲ್ಲ ಅಂಚು ಬಡಿದು ರಕ್ತ ಬರುತ್ತದೆ, ಹಿಂಗಾಲಿನಿಂದ ಕೆರೆದರೆ ಹೊಲಿಗೆಯೇ ಕಿತ್ತು ಬರುತ್ತದೆ.

ಮೊದಲ ದಿನ ಮರಿಗೆ ಬೇಕಾದದ್ದು ಬೆಚ್ಚನೆಯ ಜಾಗ ಮತ್ತು ಮೌನ. ಅರಿವಳಿಕೆಯಿಂದ ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ಹಾಲು, ನೀರು ಹಾಕಬೇಡಿ. ಶ್ವಾಸಕೋಶಕ್ಕೆ ಇಳಿದೀತು. ತನ್ನ ಕಾಲ ಮೇಲೆ ತಾನು ನಿಂತು ಓಡಾಡತೊಡಗಿದ ಮೇಲೆ ಸ್ವಲ್ಪ ಸ್ವಲ್ಪವೇ ಕೊಡಿ. ಹಾಗೆಂದು ಇಡೀ ದಿನ ಉಪವಾಸವನ್ನೂ ಕೆಡವಬಾರದು. ಎರಡು ತಿಂಗಳ ಮರಿಯ ಮೈಯಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ, ಬೇಗ ನಿತ್ರಾಣವಾಗುತ್ತದೆ. ರಕ್ತ ಜಿನುಗಿದರೆ ಶುಭ್ರವಾದ ಹತ್ತಿ ಬಟ್ಟೆಯ ಮಡಿಕೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಎಂದರೆ ಗಡಿಯಾರ ನೋಡಿಕೊಂಡು ಹತ್ತು ನಿಮಿಷ. ನಿಂತಿತೇ ಎಂದು ಮಧ್ಯೆ ಮಧ್ಯೆ ತೆಗೆದು ನೋಡಿದರೆ ಹೆಪ್ಪುಗಟ್ಟುತ್ತಿದ್ದ ರಕ್ತ ಮತ್ತೆ ಬಿಟ್ಟುಕೊಳ್ಳುತ್ತದೆ. ಒತ್ತಿದರೂ ನಿಲ್ಲದಿದ್ದರೆ ರಾತ್ರಿಯಾಗಿದ್ದರೂ ವೈದ್ಯರ ಬಳಿ ಹೋಗಿ. ಡಾಬರ್‌ಮನ್ ಸಾಕಿದವರು ಒಂದು ವಿಷಯ ನೆನಪಿಡಬೇಕು. ಈ ತಳಿಯಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ಒಂದು ಅಂಶ ಹುಟ್ಟಿನಿಂದಲೇ ಕಡಿಮೆ ಇರುವ ಕಾಯಿಲೆ ಬೇರೆ ತಳಿಗಳಿಗಿಂತ ಹೆಚ್ಚು. ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಎಂದು ಅದರ ಹೆಸರು. ಮರಿ ಹೊರನೋಟಕ್ಕೆ ಗಟ್ಟಿಮುಟ್ಟಾಗಿಯೇ ಇರುತ್ತದೆ, ಚಾಕು ತಾಗಿದಾಗಲೇ ಗೊತ್ತಾಗುವುದು. ಬ್ಲೇಡು ಹಿಡಿದು ಕೊಯ್ಯುವವರಿಗೆ ಇದರ ಹೆಸರೂ ತಿಳಿದಿರುವುದಿಲ್ಲ.

ಮರಿಯ ಕುತ್ತಿಗೆಗೆ ಕಾಲರ್ ಕಟ್ಟಲೇಬೇಕು. ಕಹಳೆಯ ಬಾಯಿಯಂತೆ ಅಗಲವಾದ, ತಲೆಯ ಸುತ್ತ ನಿಲ್ಲುವ ಪ್ಲಾಸ್ಟಿಕ್ ಕಾಲರ್ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ದಪ್ಪ ರಟ್ಟನ್ನು ಹಾಗೆಯೇ ಕತ್ತರಿಸಿ, ಕುತ್ತಿಗೆಗೆ ತಾಗುವ ಅಂಚಿಗೆ ಬಟ್ಟೆ ಸುತ್ತಿ ಮನೆಯಲ್ಲೇ ಮಾಡಬಹುದು. ಕುತ್ತಿಗೆ ಮತ್ತು ಕಾಲರಿನ ನಡುವೆ ಎರಡು ಬೆರಳು ಆಡುವಷ್ಟು ಸಡಿಲವಿರಲಿ. ಮರಿ ಅದನ್ನು ಕಂಡರೆ ಅಳುತ್ತದೆ, ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಮನೆಯವರಿಗೆ ಕನಿಕರ ಬಂದು ತೆಗೆದುಬಿಡುತ್ತಾರೆ. ಬೆಳಿಗ್ಗೆ ನೋಡಿದರೆ ನಾಲ್ಕು ಹೊಲಿಗೆ ಮಾಯ. ಊಟದ ಹೊತ್ತಿನಲ್ಲಿ ನೀವು ಎದುರಿಗೇ ಕುಳಿತಿರುವಾಗ ಮಾತ್ರ ತೆಗೆಯಿರಿ. ಹಿಂಗಾಲಿನ ಉಗುರಿನ ತುದಿಗಳನ್ನು ವೈದ್ಯರಿಂದ ಕತ್ತರಿಸಿಸಿ. ಮನೆಯಲ್ಲಿ ಇನ್ನೊಂದು ನಾಯಿಯಿದ್ದರೆ ಹದಿನೈದು ದಿನ ಬೇರೆ ಇಡಿ. ನೆಕ್ಕಿ ವಾಸಿ ಮಾಡುತ್ತದೆ ಎಂಬ ನಂಬಿಕೆ ಬೇಡ.

ಗಾಯ ಒಣಗಿರಬೇಕು. ಹೊಲಿಗೆ ಬಿಚ್ಚಿ ಮೂರು ನಾಲ್ಕು ದಿನವಾಗುವ ತನಕ ಸ್ನಾನವಿಲ್ಲ. ದಿನಕ್ಕೆ ಎರಡು ಬಾರಿ, ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಮ ಚಮಚ ಉಪ್ಪು ಬೆರೆಸಿ, ಹತ್ತಿ ಬಟ್ಟೆ ಅದ್ದಿ ಹಿಂಡಿ, ಅಂಚಿನ ಮೇಲೆ ಕಟ್ಟಿದ ಕೊಳೆಯನ್ನು ಮೆದುವಾಗಿ ಒರೆಸಿ. ಚಮಚವೆಂದರೆ ಟೀ ಚಮಚ, ಸಾರಿನ ಚಮಚವಲ್ಲ. ಹಕ್ಕಳೆಯನ್ನು ಕಿತ್ತು ತೆಗೆಯಬೇಡಿ. ನೀರು ಕಿವಿಯೊಳಗೆ ಹೋಗದಂತೆ ನೋಡಿಕೊಳ್ಳಿ. ನಾಯಿಯ ಕಿವಿನಾಳ ನಮ್ಮದರಂತೆ ನೇರವಾಗಿಲ್ಲ. ಮೊದಲು ಕೆಳಕ್ಕೆ ಇಳಿದು ಆಮೇಲೆ ಅಡ್ಡಕ್ಕೆ ತಿರುಗುತ್ತದೆ. ಒಳಗೆ ಹೋದ ನೀರು ಸುಲಭವಾಗಿ ಹೊರಬರುವುದಿಲ್ಲ. ನಾಲ್ಕು ದಿನದಲ್ಲಿ ಅಲ್ಲೇ ಸೋಂಕು ಶುರು.

ಇನ್ನು ನೊಣ. ನಮ್ಮ ಊರುಗಳಲ್ಲಿ ಬೇಸಿಗೆಯ ಕೊನೆಯಿಂದ ಮಳೆಗಾಲ ಮುಗಿಯುವ ತನಕ ತೆರೆದ ಗಾಯಕ್ಕೆ ನೊಣಕ್ಕಿಂತ ದೊಡ್ಡ ಶತ್ರುವಿಲ್ಲ. ನೊಣ ಕೂತು ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳವಾಗುತ್ತದೆ. ಪ್ಲಾಸ್ಟರಿನ ಅಡಿಯಲ್ಲಿ ಆದರಂತೂ ವಾಸನೆ ಬರುವ ತನಕ ತಿಳಿಯುವುದೇ ಇಲ್ಲ. ಮರಿಯನ್ನು ಹಗಲು ಹೊತ್ತು ಮನೆಯೊಳಗೇ ಇಡಿ. ಮಗುವಿಗೆ ಹಾಕುವಂಥ ಸೊಳ್ಳೆ ಪರದೆ ಇದ್ದರೆ ಅದರಡಿಯಲ್ಲಿ ಮಲಗಿಸಿ. ಹಾಸಿಗೆಯ ಬಟ್ಟೆ ದಿನಾ ಬದಲಿಸಿ. ಉಚ್ಚೆಯಾದ ಜಾಗ ಆಗಿಂದಾಗ ಒರೆಸಿ. ನೊಣ ಓಡಿಸುವ ಮುಲಾಮುಗಳಿವೆ. ಆದರೆ ದನಕ್ಕೆ ಹಚ್ಚುವುದನ್ನೆಲ್ಲ ಎರಡು ಕಿಲೋ ತೂಕದ ಮರಿಗೆ ಹಚ್ಚಲಾಗದು. ವೈದ್ಯರನ್ನು ಕೇಳಿಯೇ ತನ್ನಿ.

ಹುಳ ಬಿದ್ದಾಗ ನಮ್ಮ ಜನ ಮಾಡುವ ಚಿಕಿತ್ಸೆಗಳನ್ನು ಪಟ್ಟಿ ಮಾಡಿದರೆ ಈ ಅಂಕಣ ಸಾಲದು. ಸೀಮೆಎಣ್ಣೆ, ಪೆಟ್ರೋಲು, ಫಿನಾಯಿಲು, ಸುಣ್ಣ, ತಂಬಾಕು, ಹೊಲಕ್ಕೆ ಹೊಡೆಯುವ ಕೀಟನಾಶಕ. ಹುಳ ಸಾಯುತ್ತದೆ, ನಿಜ. ಜೊತೆಗೆ ಗಾಯದ ಜೀವಂತ ಮಾಂಸವೂ ಸುಡುತ್ತದೆ. ಕೀಟನಾಶಕ ಗಾಯದ ಮೂಲಕ ರಕ್ತಕ್ಕೆ ಸೇರಿ ಮರಿ ಜೊಲ್ಲು ಸುರಿಸಿ, ನಡುಗಿ, ಒಂದೆರಡು ಗಂಟೆಯಲ್ಲಿ ಸತ್ತದ್ದನ್ನು ನಾನೇ ನೋಡಿದ್ದೇನೆ. ನುಸಿ ಗುಳಿಗೆಯ ಪುಡಿಯೂ ವಿಷವೇ. ಮರಿ ಕಾಲಿನಿಂದ ಕೆರೆದು ಆ ಕಾಲನ್ನು ನೆಕ್ಕುತ್ತದೆ, ಹೊಟ್ಟೆಗೆ ಹೋಗುತ್ತದೆ. ಅರಿಸಿನ ಅಷ್ಟು ಕೆಡುಕಲ್ಲ. ಆದರೆ ಅಡುಗೆಮನೆಯ ಡಬ್ಬಿಯ ಅರಿಸಿನವನ್ನು ಮೆತ್ತಿದರೆ ಗಾಯ ಕೆಂಪಾಗಿದೆಯೇ, ಕೀವಾಗಿದೆಯೇ, ಕಪ್ಪಾಗಿದೆಯೇ ಎಂಬುದು ಯಾರಿಗೂ ಕಾಣುವುದಿಲ್ಲ. ನೀರು ಬೆರೆಸದ ಡೆಟಾಲು, ಸ್ಪಿರಿಟು, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡು ಇವೂ ಬೇಡ. ಹೊಸದಾಗಿ ಹುಟ್ಟುತ್ತಿರುವ ಚರ್ಮವನ್ನು ಇವು ಕೊಲ್ಲುತ್ತವೆ.

ನೋವಿನ ಮಾತ್ರೆಯ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು. ನಮಗೆ ಮೈಕೈ ನೋವಾದರೆ ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ನಾಯಿಮರಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಮೇಲೆ ಹೇಳಿದ ಮರಿ ಊಟ ಬಿಡಲು ಕಿವಿಯ ನಂಜು ಎಷ್ಟು ಕಾರಣವೋ ಆ ಅರ್ಧ ಮಾತ್ರೆಗಳೂ ಅಷ್ಟೇ ಕಾರಣವಿದ್ದಾವು. ಕಪ್ಪು ಬಣ್ಣದ ಮಲ ಹೋಗುತ್ತಿತ್ತು. (ಸತ್ತ ದನದ ಮೈಯಲ್ಲುಳಿದ ಡೈಕ್ಲೋಫೆನಾಕಿನಿಂದ ರಣಹದ್ದುಗಳು ಸಾಯುತ್ತವೆಂದು ತಿಳಿದ ಮೇಲೆ 2006ರಲ್ಲಿ ಸರ್ಕಾರ ಅದರ ಪಶು ಬಳಕೆಯನ್ನು ನಿಷೇಧಿಸಿತು. ಔಷಧಿ ಒಂದೇ ಆದರೂ ಜೀವಿಯಿಂದ ಜೀವಿಗೆ ಪರಿಣಾಮ ಬೇರೆ ಎನ್ನಲು ಇದೊಂದು ಉದಾಹರಣೆ.) ನಾಯಿಗೆಂದೇ ಇರುವ ನೋವಿನ ಔಷಧಿಗಳಿವೆ. ತೂಕ ನೋಡಿ ವೈದ್ಯರು ಬರೆದುಕೊಟ್ಟದ್ದನ್ನೇ ಕೊಡಿ. ಆಂಟಿಬಯೋಟಿಕ್ ಕೊಟ್ಟಿದ್ದರೆ ಮರಿ ಚುರುಕಾಯಿತೆಂದು ಮೂರನೇ ದಿನಕ್ಕೇ ನಿಲ್ಲಿಸಬೇಡಿ.

ಹೊಲಿಗೆ ಬಿಚ್ಚಲು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ ಬೇಕು. ಅಲ್ಲಿಯ ತನಕ ಪ್ರತಿ ದಿನ ಗಾಯವನ್ನು ಬೆಳಕಿನಲ್ಲಿ ನೋಡಿ, ಮೂಸಿಯೂ ನೋಡಿ. ಮುಜುಗರವೇನೂ ಇಲ್ಲ, ವೈದ್ಯರೂ ಅದನ್ನೇ ಮಾಡುವುದು. ಕೆಟ್ಟ ವಾಸನೆ, ಕೀವು, ಬುಡದಲ್ಲಿ ಊತ, ಒಂದೇ ಕಡೆಗೆ ತಲೆ ವಾಲಿಸುವುದು, ಅಂಚು ಕಪ್ಪಾಗಿ ತಣ್ಣಗಾಗುವುದು, ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ತೋರಿಸಬೇಕು. ಆರೋಗ್ಯವಂತ ನಾಯಿಯ ಮೈಶಾಖ ನಮಗಿಂತ ಹೆಚ್ಚು, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಆದ್ದರಿಂದ ಮುಟ್ಟಿ ನೋಡಿ ಜ್ವರ ಎನ್ನಬೇಡಿ. ಅಳೆದಾಗ 103 ದಾಟಿದರೆ ಚಿಂತಿಸಬೇಕು.

ಕಿವಿ ನೆಟ್ಟಗೆ ನಿಲ್ಲಲೆಂದು ಪ್ಲಾಸ್ಟರು ಸುತ್ತುವುದು ಹೊಲಿಗೆ ಬಿಚ್ಚಿದ ಮೇಲೆಯೂ ವಾರಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ ನಡೆಯುತ್ತದೆ. ಇದನ್ನು ಮಾರುವವರು ಮೊದಲು ಹೇಳುವುದಿಲ್ಲ. ಸುತ್ತಿದ ಪ್ಲಾಸ್ಟರನ್ನು ವಾರಕ್ಕೊಮ್ಮೆಯಾದರೂ ಬಿಚ್ಚಿ, ಚರ್ಮ ನೋಡಿ, ಒಂದು ದಿನ ಗಾಳಿಯಾಡಲು ಬಿಡಬೇಕು. ಒದ್ದೆಯಾದರೆ ಆಗಲೇ ತೆಗೆಯಬೇಕು. ಇಷ್ಟೆಲ್ಲ ಮಾಡಿಯೂ ಒಂದು ಕಿವಿ ನಿಂತು ಇನ್ನೊಂದು ಬಾಗಿದರೆ? ಹಾಗೇ ಬಿಟ್ಟುಬಿಡಿ. ಎರಡನೇ ಸಲ ಕತ್ತರಿಸಿ 'ಸರಿ ಮಾಡುವ' ಮಾತಿಗೆ ಒಪ್ಪಬೇಡಿ. ಕಿವಿ ನಿಲ್ಲಲೆಂದು ಕ್ಯಾಲ್ಸಿಯಂ ಔಷಧಿಯನ್ನು ಬಾಟಲಿಗಟ್ಟಲೆ ಕುಡಿಸುವವರಿದ್ದಾರೆ. ಗ್ರೇಟ್ ಡೇನ್‌ನಂಥ ದೊಡ್ಡ ತಳಿಯ ಮರಿಗಳಿಗೆ ಹೆಚ್ಚಾದ ಕ್ಯಾಲ್ಸಿಯಂನಿಂದ ಮೂಳೆಗಳ ಬೆಳವಣಿಗೆಯೇ ಕೆಡುತ್ತದೆ, ಕಾಲು ಸೊಟ್ಟಗಾಗುತ್ತದೆ. ಗಾಯ ಮಾಯಲು ಬೇಕಾದ್ದು ಸಾರವುಳ್ಳ ಊಟ. ಬರೀ ಬ್ರೆಡ್ಡು ಹಾಲು ಸಾಲದು. ಬೇಯಿಸಿದ ಮೊಟ್ಟೆ, ಕೋಳಿಮಾಂಸ ಕೊಡಿ. ಮಾಂಸ ಮೊಟ್ಟೆ ಒಳಗೆ ತರದ ಮನೆಯಾದರೆ ಮರಿಗಳಿಗೆಂದೇ ಮಾಡಿದ ಸಿದ್ಧ ಆಹಾರ ಒಳ್ಳೆಯದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ. ಕಿವಿ ಕತ್ತರಿಸುವುದು ಸಾಮಾನ್ಯವಾಗಿ ಏಳರಿಂದ ಹನ್ನೆರಡು ವಾರದೊಳಗೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಇಳಿಯುತ್ತ, ಲಸಿಕೆಯ ರಕ್ಷಣೆ ಇನ್ನೂ ಪೂರ್ತಿ ಬಾರದ ಕಾಲವೂ ಅದೇ. ಡಿಸ್ಟೆಂಪರ್, ಪಾರ್ವೊ ಲಸಿಕೆಗಳ ಮೊದಲ ಕಂತು ಆರರಿಂದ ಎಂಟನೇ ವಾರದಲ್ಲಿ ಆರಂಭವಾಗಿ ನಾಲ್ಕನೇ ತಿಂಗಳ ತನಕ ನಡೆಯುತ್ತದೆ. ರಕ್ತಭೇದಿ ಮಾಡಿ ಮರಿಗಳನ್ನು ಕೊಲ್ಲುವ ಪಾರ್ವೊ ಬಟ್ಟೆ, ಚಪ್ಪಲಿ, ನೆಲ ಎಲ್ಲದರಿಂದ ಹರಡುತ್ತದೆ. ಅಂಥ ಹೊತ್ತಿನಲ್ಲಿ ಡ್ರೆಸ್ಸಿಂಗಿಗೆ, ಪ್ಲಾಸ್ಟರಿಗೆ ಎಂದು ಮರಿಯನ್ನು ನಾಲ್ಕಾರು ಸಲ ಕಾಯಿಲೆ ನಾಯಿಗಳು ಬರುವ ಜಾಗಕ್ಕೆ ಹೊತ್ತು ತರಬೇಕಾಗುತ್ತದೆ. ಬರಲೇಬೇಕಾದರೆ ಮರಿಯನ್ನು ನೆಲಕ್ಕೆ ಬಿಡದೆ ಕೈಯಲ್ಲೇ ಇಟ್ಟುಕೊಳ್ಳಿ. ಮೂರು ತಿಂಗಳಿಗೆ ರೇಬಿಸ್ ಲಸಿಕೆ ಮರೆಯಬೇಡಿ. ನೋವಿನಲ್ಲಿರುವ ಮರಿ ಮಕ್ಕಳನ್ನು ಕಚ್ಚುವುದುಂಟು. ಗಾಯ ಒರೆಸುವ ಕೆಲಸ ದೊಡ್ಡವರದ್ದಾಗಿರಲಿ, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಮರಿಯೇ ಆದರೂ ಹಲ್ಲು ತಾಗಿ ರಕ್ತ ಬಂದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಮನುಷ್ಯರ ವೈದ್ಯರನ್ನು ಕಾಣಿ.

ಆರೈಕೆಯ ಮಾತು ಇಷ್ಟು. ಈಗ ಎರಡನೆಯ ವಿಚಾರ.

ಕಿವಿ ಏಕೆ ಕತ್ತರಿಸುತ್ತೀರಿ ಎಂದು ಕೇಳಿದರೆ ಮೂರು ಉತ್ತರ ಬರುತ್ತವೆ. ಜೋತುಬಿದ್ದ ಕಿವಿಗೆ ಕಾಯಿಲೆ ಹೆಚ್ಚು ಎಂಬುದು ಒಂದು. ಕೇಳಲು ಸರಿಯಾದ ಮಾತಿನಂತಿದೆ. ಜೋಲುಗಿವಿಯ ಕಾಕರ್ ಸ್ಪೇನಿಯಲ್, ಲ್ಯಾಬ್ರಡಾರ್‌ಗಳಲ್ಲಿ ಕಿವಿಸೋಂಕು ಹೆಚ್ಚು ಎಂಬುದೂ ನಿಜವೇ. ಆದರೆ ಅವುಗಳ ಕಿವಿಯನ್ನು ಯಾರೂ ಕತ್ತರಿಸುವುದಿಲ್ಲವಲ್ಲ! ಕತ್ತರಿಸುವುದು ಡಾಬರ್‌ಮನ್, ಗ್ರೇಟ್ ಡೇನ್, ಬಾಕ್ಸರ್‌ಗಳದ್ದು. ಸಹಜವಾಗಿಯೇ ನೆಟ್ಟಗಿವಿಯ ಜರ್ಮನ್ ಶೆಫರ್ಡ್‌ಗೂ ಕಿವಿಸೋಂಕು ಬರುತ್ತದೆ. ಸೋಂಕು ಇರುವುದು ಒಳಗಿನ ನಾಳದಲ್ಲಿ. ಅಲರ್ಜಿ, ಉಣ್ಣೆ, ನೀರು ಅದಕ್ಕೆ ಕಾರಣ. ಹೊರಗಿನ ಹಾಲೆ ಕತ್ತರಿಸಿದರೆ ಒಳಗಿನ ನಾಳ ಬದಲಾಗದು. ವಾರಕ್ಕೊಮ್ಮೆ ಕಿವಿ ಎತ್ತಿ ನೋಡುವ ಅಭ್ಯಾಸವಿದ್ದರೆ ಸಾಕು.

ಎರಡನೆಯದು, ನೋಡಲು ಗದರುವ ಹಾಗಿರಬೇಕು, ಕಳ್ಳ ಹೆದರಬೇಕು. ನಮ್ಮ ಸುತ್ತಲಿನ ಹಳ್ಳಿಗಳಲ್ಲಿಯೂ ಮರಿಯ ಕಿವಿ ಕೊಯ್ದರೆ ನಾಯಿ ಕೆರಳುತ್ತದೆ, ಕುರಿಹಟ್ಟಿಗೆ ಒಳ್ಳೆಯದು ಎಂಬ ಮಾತಿದೆ. ನಮ್ಮದೇ ನಾಡಿನ ಮುಧೋಳ ನಾಯಿಯನ್ನು ನೋಡಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಇದಕ್ಕೆಂದೇ ಸಂಶೋಧನಾ ಕೇಂದ್ರ ನಡೆಸುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ಹೊರಡಿಸಿತು. 2016ರಲ್ಲಿ ಇದರ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ಜೋತುಬಿದ್ದ ತೆಳುಗಿವಿಯ ನಾಯಿ ಸೈನ್ಯಕ್ಕೆ ಆಗಬಹುದಾದರೆ ನಮ್ಮ ಕಾಂಪೌಂಡಿಗೆ ಆಗದೇ?

ಮೂರನೆಯದು, 'ಆ ತಳಿಗೆ ಹಾಗೇ ಇರಬೇಕು ಸಾರ್'. ಹತ್ತೊಂಬತ್ತನೇ ಶತಮಾನದ ಜರ್ಮನಿಯ ಅಪೋಲ್ಡಾ ಎಂಬ ಊರಿನಲ್ಲಿ ಡಾಬರ್‌ಮನ್ ಎಂಬ ತೆರಿಗೆ ವಸೂಲಿಗಾರನೊಬ್ಬ ತನ್ನ ರಕ್ಷಣೆಗಾಗಿ ಬೆಳೆಸಿದ ತಳಿ ಇದು. ಗ್ರೇಟ್ ಡೇನ್‌ನ ಪೂರ್ವಜರು ಕಾಡುಹಂದಿ ಬೇಟೆಯ ನಾಯಿಗಳು. ಹಂದಿಯ ಕೋರೆಗೆ ಕಿವಿ ಸಿಕ್ಕಬಾರದೆಂದು ಕತ್ತರಿಸುತ್ತಿದ್ದರು. ದಾವಣಗೆರೆಯಲ್ಲಿ ಈ ನಾಯಿಗಳು ಎದುರಿಸಬೇಕಾದ್ದು ಹಾಲಿನ ಹುಡುಗನನ್ನು, ಪೇಪರಿನವನನ್ನು. ಅದಿರಲಿ, ಡಾಬರ್‌ಮನ್ ಹುಟ್ಟಿದ ಜರ್ಮನಿಯಲ್ಲೇ 1987ರಿಂದ ಕಿವಿ ಕತ್ತರಿಸುವುದು ನಿಷಿದ್ಧ. ಅಮೆರಿಕದಲ್ಲಿ ಈ ರೂಢಿ ಇನ್ನೂ ಇದೆ. ಆದರೂ ಅಲ್ಲಿನ ಪಶುವೈದ್ಯರ ಸಂಘವೇ 2008ರಲ್ಲಿ ಅಂದಕ್ಕಾಗಿ ಕಿವಿ, ಬಾಲ ಕತ್ತರಿಸುವುದನ್ನು ವಿರೋಧಿಸಿತು.

ನಮ್ಮ ಕಾನೂನು ಏನು ಹೇಳುತ್ತದೆ? 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಪ್ರಾಣಿಯ ಅಂಗಛೇದ ಅಪರಾಧ. ದನದ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಮೂಗುದಾರ, ಬರೆ, ಇವಕ್ಕೆ ಅದೇ ಕಾಯ್ದೆ ವಿನಾಯಿತಿ ಕೊಟ್ಟಿದೆ. ನಾಯಿಯ ಕಿವಿ ಆ ವಿನಾಯಿತಿಯಲ್ಲಿ ಇಲ್ಲ. 2011ರಲ್ಲಿ ಭಾರತೀಯ ಪಶುವೈದ್ಯಕೀಯ ಪರಿಷತ್ತು ಚಿಕಿತ್ಸೆಗಲ್ಲದೆ ಕಿವಿ, ಬಾಲ ಕತ್ತರಿಸಬಾರದೆಂದು ವೈದ್ಯರಿಗೆ ತಿಳಿಸಿತು. ನಾಯಿ ಬೆಳೆಸುವವರು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದೂ ಉಂಟು. ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತೇ? 10 ರೂಪಾಯಿಯಿಂದ 50 ರೂಪಾಯಿ. ಬೆಣ್ಣೆದೋಸೆಗೂ ಅದಕ್ಕಿಂತ ಹೆಚ್ಚು ಕೊಡುತ್ತೇವೆ. ಹಾಗಾಗಿ ಕಾನೂನಿನ ಹೆದರಿಕೆ ತೋರಿಸುವುದರಲ್ಲಿ ನನಗೆ ನಂಬಿಕೆ ಕಡಿಮೆ.

ಓದುಗರೊಬ್ಬರು ಒಮ್ಮೆ ನನ್ನನ್ನೇ ಸಿಕ್ಕಿಸಿದರು. "ಬೀದಿನಾಯಿಗಳ ಕಿವಿ ಸರ್ಕಾರದವರೇ ಕತ್ತರಿಸಿ ಬಿಡ್ತಾರಲ್ರೀ, ನಾವ್ ಮಾಡಿದ್ರ ತಪ್ಪೇನು?" ಬೀದಿನಾಯಿಯ ಕಿವಿಯ ತುದಿಯಲ್ಲಿ ಕಾಣುವ ಸಣ್ಣ ಕಚ್ಚು, ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದರ ಗುರುತು. ಆ ನಾಯಿ ಅರಿವಳಿಕೆಯಲ್ಲಿ ಇರುವಾಗಲೇ, ಅದೇ ಶಸ್ತ್ರಚಿಕಿತ್ಸೆಯ ಜೊತೆಗೆ ಹಾಕುತ್ತಾರೆ. ಗುರುತಿಲ್ಲದಿದ್ದರೆ ಅದೇ ನಾಯಿಯನ್ನು ಮತ್ತೆ ಹಿಡಿದು ಮತ್ತೆ ಹೊಟ್ಟೆ ಕೊಯ್ಯಬೇಕಾದೀತು. ಆ ಕಚ್ಚಿನಿಂದ ನಾಯಿಗೆ ಒಂದು ಉಪಯೋಗವಿದೆ. ನಮ್ಮ ಮರಿಯ ಕಿವಿಯ ಅರ್ಧ ಭಾಗ ತೆಗೆದರೆ ಮರಿಗೆ ಏನು ಸಿಕ್ಕಿತು?

ನನಗೆ ನಿಜವಾಗಿಯೂ ಉತ್ತರಿಸಲು ಕಷ್ಟವಾಗುವ ಮಾತು ಬೇರೆ ಇದೆ. "ನೀವು ಮಾಡಲ್ಲ ಅಂದ್ರೆ ಬ್ಲೇಡಿನವರ ಹತ್ರ ಹೋಗ್ತೀವಿ. ನೀವಾದ್ರೆ ಅರಿವಳಿಕೆ ಕೊಟ್ಟು ಚೊಕ್ಕ ಮಾಡ್ತೀರಿ" ಎನ್ನುತ್ತಾರೆ. ಹರಿಹರದ ಮರಿಯನ್ನು ಕಂಡ ದಿನ ರಾತ್ರಿ ಈ ಮಾತು ನನ್ನನ್ನು ಬಹಳ ಹೊತ್ತು ಕಾಡಿತು. ನಾನು ಒಪ್ಪಿ ಮಾಡಿದ್ದರೆ ಆ ಮರಿಗೆ ಹುಳ ಬೀಳುತ್ತಿರಲಿಲ್ಲ ಎಂಬುದು ಸುಳ್ಳಲ್ಲ. ಆದರೆ ನಾನು ಒಂದು ಮರಿಗೆ ಚೊಕ್ಕವಾಗಿ ಮಾಡಿದರೆ ಅದನ್ನು ನೋಡಿ ಬೀದಿಯ ಹತ್ತು ಮನೆಯವರಿಗೆ ಆಸೆ ಹುಟ್ಟುತ್ತದೆ. ಆ ಹತ್ತರಲ್ಲಿ ಎಂಟು ಜನ ಅಗ್ಗದ ದಾರಿಯನ್ನೇ ಹುಡುಕುತ್ತಾರೆ. ಬ್ಲೇಡಿನವರ ವ್ಯಾಪಾರ ನಡೆಯುತ್ತಿರುವುದು ಕತ್ತರಿಸಿದ ಕಿವಿಯೇ ಚೆಂದ ಎಂಬ ನಂಬಿಕೆಯಿಂದ. ಆ ನಂಬಿಕೆಗೆ ವೈದ್ಯರ ಮುದ್ರೆ ಬೇಡ ಎಂದು ನಾನು ನಿರ್ಧರಿಸಿದ್ದೇನೆ. ಇದರಲ್ಲಿ ನನ್ನೊಂದಿಗೆ ಒಪ್ಪದ ವೈದ್ಯಮಿತ್ರರಿದ್ದಾರೆ, ಅವರು ನಿರ್ದಯರಲ್ಲ.

ಆದರೆ ಕತ್ತರಿಸಿಕೊಂಡು ಬಂದ ಮರಿಗೆ ಚಿಕಿತ್ಸೆ ಕೊಡುವುದಿಲ್ಲ ಎಂದು ಯಾವ ವೈದ್ಯರೂ ಹೇಳಬಾರದು, ಮನೆಯವರನ್ನು ಎಲ್ಲರೆದುರು ಬೈಯಲೂಬಾರದು. ಬೈದರೆ ಮುಂದಿನವರು ಮರಿಯನ್ನು ಕರೆತರುವುದೇ ಇಲ್ಲ, ನುಸಿ ಗುಳಿಗೆಯೇ ಗತಿಯಾಗುತ್ತದೆ. ಮಾಡಿಸಿದ್ದರೆ ನಾಚಿಕೊಳ್ಳದೆ ಬನ್ನಿ. ಯಾವಾಗ, ಯಾವುದರಿಂದ ಕತ್ತರಿಸಿದರು, ಏನು ಹಚ್ಚಿದಿರಿ, ಯಾವ ಮಾತ್ರೆ ಎಷ್ಟು ಕೊಟ್ಟಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಮಾತ್ರೆಯ ಹಾಳೆಯನ್ನು ಜೊತೆಗೇ ತನ್ನಿ.

ಹರಿಹರದ ಮರಿ ಹನ್ನೊಂದು ದಿನ ಚಿಕಿತ್ಸೆ ಪಡೆಯಿತು. ಮೊದಲ ಮೂರು ದಿನ ಸಲೈನಿನಲ್ಲೇ ಇತ್ತು. ಹುಳಗಳನ್ನು ಒಂದೊಂದಾಗಿ ಚಿಮಟದಿಂದ ತೆಗೆಯಬೇಕಾಯಿತು. ಬಲಗಿವಿಯ ಸತ್ತ ತುದಿಯನ್ನು, ಈ ಸಲ ಅರಿವಳಿಕೆ ಕೊಟ್ಟು, ನಾನೇ ಕತ್ತರಿಸಿದೆ. ಈಗ ಅದರ ಒಂದು ಕಿವಿ ಗಿಡ್ಡ, ಒಂದು ಮಡಿಚಿಕೊಂಡಿದೆ. ಲಸಿಕೆಗೆ ಬಂದಾಗ ಹುಡುಗ ಕೇಳಿದ, "ಡಾಕ್ಟ್ರೇ, ಇದಕ್ಕ ಕೇಳಿಸ್ತೈತಲ್ಲ?" ಕೇಳಿಸುತ್ತದಪ್ಪ, ಒಳಗಿನ ಕಿವಿಗೆ ಏನೂ ಆಗಿಲ್ಲ ಎಂದೆ. ತಂದೆ ಮಾತ್ರ ಪ್ಲಾಸ್ಟರು ಮತ್ತೆ ಸುತ್ತಬಹುದೇ ಎಂದು ಇನ್ನೂ ಕೇಳುತ್ತಲೇ ಇದ್ದರು.

ಹೊಸದಾಗಿ ಮರಿ ತರುವವರಿಗೆ ಒಂದು ಮಾತು. ಹೆಚ್ಚಿನ ಮರಿಗಳ ಕಿವಿ ಹೋಗುವುದು ನಿಮ್ಮ ಮನೆಗೆ ಬರುವ ಮುಂಚೆಯೇ, ಒಳ್ಳೆಯ ಬೆಲೆ ಬರಲೆಂದು. ಆದ್ದರಿಂದ ಮುಂಗಡ ಕೊಡುವ ದಿನವೇ 'ಕಿವಿ ಬಾಲ ಮುಟ್ಟಬೇಡಿ, ಮುಟ್ಟಿದರೆ ಮರಿ ಬೇಡ' ಎಂದು ಹೇಳಿ, ಸಾಧ್ಯವಾದರೆ ರಸೀದಿಯ ಮೇಲೆ ಬರೆಸಿ. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಬೆಳೆಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಮರಿಯ ತಾಯಿಯನ್ನು ತೋರಿಸಿ ಎಂದೂ ಕೇಳಿ. ಲಸಿಕೆಯ ಪುಸ್ತಕದಲ್ಲಿ ವೈದ್ಯರ ಸಹಿ, ನೋಂದಣಿ ಸಂಖ್ಯೆ ಇದೆಯೇ ನೋಡಿ. ಮರಿ ಮನೆಗೆ ಬಂದ ಎರಡು ದಿನದೊಳಗೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಒಮ್ಮೆ ತೂಕ ಹಾಕಿಸಿ, ಜಂತುಹುಳದ ಔಷಧಿ ಕೊಡಿಸಿ, ಎರಡೂ ಕಿವಿಗಳ ಒಳಗೆ ನೋಡಿಸಿ.